ಪ್ರಾರ್ಥನೆಗೆ ಮಾತೇ ಹೊರಡದಿರುವಾಗ

ಪ್ರಶ್ನೆ: ಪತಿಯ ಕೆಲಸ ಹೋಗಿ ವರ್ಷವಾಗುತ್ತ ಬಂತು. ಅತ್ತೆಯವರಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕು. ಹೊಲಿಗೆ, ಅಡುಗೆ, ಆಸ್ಪತ್ರೆಯ ಓಡಾಟ ಮುಗಿಸಿ ರಾತ್ರಿ ಮೊಣಕಾಲೂರಿದರೆ ಒಂದು ಮಾತೂ ಬಾಯಿಗೆ ಬರುವುದಿಲ್ಲ. ಭಾನುವಾರ ಸಭೆಯಲ್ಲಿ ಇತರರು ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳುವಾಗ ತಲೆ ತಗ್ಗಿಸಿ ಕುಳಿತಿರುತ್ತೇನೆ. ನನ್ನ ವಿಶ್ವಾಸ ಸಾಲದ ಕಾರಣ ಉತ್ತರ ಸಿಕ್ಕಿಲ್ಲವೆಂದು ಹಿರಿಯರೊಬ್ಬರು ಹೇಳಿದರು. ಅದು ನಿಜವೇ?
– ಒಬ್ಬ ಸಹೋದರಿ, ಗದಗ

ಉತ್ತರ: ಇಲ್ಲ, ಸಹೋದರಿ. ಹಾಗೆ ಹೇಳಿದವರು ನಿಮ್ಮ ಹಿತವನ್ನೇ ಬಯಸಿರಬಹುದು; ಆದರೆ ಬೇಡಿದ್ದು ಸಿಗದಿರುವುದೇ ಅವಿಶ್ವಾಸದ ಗುರುತಾಗಿದ್ದರೆ ಅಪೊಸ್ತಲನಾದ ಪೌಲನ ವಿಷಯದಲ್ಲಿ ಏನು ಹೇಳಬೇಕು? ಶರೀರದಲ್ಲಿ ನಾಟಿದ ಮುಳ್ಳನ್ನು, ಅಂದರೆ ಬಿಡದೆ ಕಾಡಿದ ಬಾಧೆಯೊಂದನ್ನು, ತೆಗೆದುಹಾಕೆಂದು ಅವನು ಕರ್ತನನ್ನು ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಗೆತ್ಸೇಮನೆ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಬರಲಿದ್ದ ಶಿಲುಬೆಯ ಸಂಕಟ, ತನ್ನನ್ನು ಬಿಟ್ಟುಹೋಗಲೆಂದು ನೆಲಕ್ಕೆ ಬಿದ್ದು ಪ್ರಾರ್ಥಿಸಿದ ಯೇಸುವಿನ ಮುಂದೆಯೂ ಆ ಪಾತ್ರೆ ಉಳಿದೇ ಇತ್ತು. ಅವರಿಬ್ಬರ ವಿಶ್ವಾಸವನ್ನು ಅಳೆಯಲು ಹೊರಡದ ನಾವು ನಿಮ್ಮದನ್ನು ಅಳೆಯುವುದು ನ್ಯಾಯವಲ್ಲ.

ಮಾತು ಹೊರಡದಿರುವುದಕ್ಕಾಗಿಯೂ ನೊಂದುಕೊಳ್ಳಬೇಡಿ. ಬೈಬಲಿನ 88ನೆಯ ಕೀರ್ತನೆಯನ್ನು ಒಮ್ಮೆ ಓದಿ ನೋಡಿ. ಹೆಚ್ಚಿನ ಪ್ರಲಾಪದ ಕೀರ್ತನೆಗಳು ದುಃಖದಿಂದ ಆರಂಭವಾದರೂ ಕೊನೆಯಲ್ಲಿ ಭರವಸೆಯತ್ತ ಹೊರಳುತ್ತವೆ. ಇದು ಮಾತ್ರ ಕತ್ತಲೆಯಲ್ಲೇ ಮುಗಿಯುತ್ತದೆ. ಅಷ್ಟು ನಿರಾಶೆಯ ಮಾತುಗಳನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಏಕೆಂದರೆ ಅವನ್ನು ಹೇಳಿದವನು ದೇವರಿಗೆ ಬೆನ್ನು ಹಾಕಿ ಹೇಳಲಿಲ್ಲ, ದೇವರಿಗೇ ಹೇಳಿದನು. ನಿಮಗೆ ಅಷ್ಟೂ ಆಗದ ರಾತ್ರಿ, ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಿಗಾಗಿ ಪವಿತ್ರಾತ್ಮನೇ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ ಹೇಳುವುದನ್ನು ನಂಬಿ, ಮಲಗಿಬಿಡಿ.

ಮಲಗಿ ಎಂದದ್ದು ಬಾಯಿಮಾತಿಗಲ್ಲ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿದ ಪ್ರವಾದಿ ಎಲೀಯನು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿದನು, ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಇದ್ದವು. ಅವನು ತಿಂದು ಮತ್ತೆ ಮಲಗಿದನು, ದೂತನು ಎರಡನೆಯ ಸಾರಿಯೂ ಬಂದು ಎಬ್ಬಿಸಿ ಉಣ್ಣಲು ಹೇಳಿದನು. 'ಇಲ್ಲೇಕೆ ಇದ್ದೀ' ಎಂದು ದೇವರು ಕೇಳಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ನಿಂತುಕೊಂಡೇ ಉಣ್ಣುವ ಹೆಣ್ಣುಮಕ್ಕಳಿಗೆ ಈ ಭಾಗವನ್ನು ಮತ್ತೆ ಮತ್ತೆ ಓದಿ ಹೇಳಬೇಕೆಂದು ನನಗೆ ಅನಿಸುತ್ತದೆ.

ಆ ರೊಟ್ಟಿಯನ್ನು ಈಗ ನಿಮಗೆ ತರಬೇಕಾದವರು ನಿಮ್ಮ ಸಭೆಯವರು. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂಬುದು ಗಲಾತ್ಯದವರಿಗೆ ಬರೆದ ಆಜ್ಞೆ; ಕೇಳಲು ನಾಚಬೇಡಿ. ಸಭಾಪಾಲಕರಿಗೆ ಮನೆಯ ಸ್ಥಿತಿಯನ್ನು ಮುಚ್ಚಿಡದೆ ತಿಳಿಸಿ. ಡಯಾಲಿಸಿಸ್ ದಿನಗಳಲ್ಲಿ ಒಂದು ದಿನವಾದರೂ ಅತ್ತೆಯವರ ಜೊತೆ ಹೋಗಿ ಕುಳಿತುಕೊಳ್ಳಲು ಸ್ತ್ರೀಯರ ಕೂಟದ ಒಬ್ಬರನ್ನು ಕೇಳಿ. ಖರ್ಚು ಮಾಡಿ ಮಾಡಿಸುತ್ತಿದ್ದರೆ, ಸರ್ಕಾರಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ವ್ಯವಸ್ಥೆಯಿದೆ. ರೇಷನ್ ಕಾರ್ಡ್, ಆಧಾರ್ ಮತ್ತು ವೈದ್ಯರ ಚೀಟಿಗಳೊಂದಿಗೆ ಈ ವಾರವೇ ಹೋಗಿ ವಿಚಾರಿಸಿ. ಮುಂದಿನ ಭಾನುವಾರ ಸಾಕ್ಷಿಯ ಸಮಯದಲ್ಲಿ ಹೇಳಲು ಏನೂ ಇಲ್ಲವೆನಿಸಿದರೆ, 'ನನಗಾಗಿ ಪ್ರಾರ್ಥಿಸಿರಿ' ಎಂದಷ್ಟೇ ಹೇಳಿ ಕುಳಿತುಕೊಳ್ಳಿ.