ಜ್ವರದ ಸಿರಪ್ಪನ್ನು ಮನೆಯ ಚಮಚದಲ್ಲಿ ಅಳೆದು ಮಗುವಿಗೆ ಕೊಡಬಹುದೇ?

ಕೊಡಬಾರದು. ಅಡುಗೆಮನೆಯ ಚಮಚಗಳು ಒಂದೇ ಅಳತೆಯವಲ್ಲ. ಗೆರೆ ಹಾಕಿದ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಬೇಕು. ಆದರೆ ಚಮಚಕ್ಕಿಂತ ದೊಡ್ಡ ಅಪಾಯ ಬಾಟಲಿಯಲ್ಲೇ ಇದೆ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಔಷಧವಿದ್ದರೆ, ಸಿರಪ್ಪಿನ 5 ಮಿ.ಲೀ.ನಲ್ಲಿ 120, 125 ಅಥವಾ 250 ಮಿ.ಗ್ರಾಂ ಇರುತ್ತದೆ, ಹೀಗಾಗಿ ಮಳೆಗಾಲದ ರಾತ್ರಿ ಶಿರಸಿ ಪೇಟೆಗೆ ಹೋಗಲಾಗದೆಂದು ಅಣ್ಣನ ಕೂಸಿಗೆ ತಂದಿದ್ದ ಡ್ರಾಪ್ಸನ್ನೇ ಸಿರಪ್ಪಿನ ಲೆಕ್ಕದಲ್ಲಿ 5 ಮಿ.ಲೀ. ಕುಡಿಸಿದರೆ, ಮಗುವಿನ ಹೊಟ್ಟೆಗೆ ಒಮ್ಮೆಲೇ 500 ಮಿ.ಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆಯಷ್ಟು ಔಷಧ ಹೋಗುತ್ತದೆ.

ಪ್ರಮಾಣವನ್ನು ವಯಸ್ಸಿಗಿಂತ ತೂಕ ನೋಡಿ ನಿರ್ಧರಿಸುವುದು ಸರಿ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ, ನಡುವೆ 4ರಿಂದ 6 ಗಂಟೆಗಳ ಅಂತರ, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ. ಅಜ್ಜಿ ಕೊಟ್ಟಿದ್ದು ತಿಳಿಯದೆ ತಾಯಿ ಮತ್ತೆ ಕೊಡುವುದು ಕೂಡುಕುಟುಂಬಗಳಲ್ಲಿ ಅಪರೂಪವೇನಲ್ಲ. ಕೊಟ್ಟ ಸಮಯವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಆಸ್ಪಿರಿನ್ ಬೇಡವೇ ಬೇಡ. 3 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ವೈದ್ಯರಿಗೆ ತೋರಿಸದೆ ಏನನ್ನೂ ಕೊಡಬೇಡಿ.

ಔಷಧ ಹೆಚ್ಚಾಗಿದೆ ಎಂಬ ಅನುಮಾನ ಬಂದರೆ, ಮಗು ಆಡಿಕೊಂಡಿದ್ದರೂ ಬಾಟಲಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಯಕೃತ್ತಿಗಾದ ಹಾನಿಯ ಲಕ್ಷಣಗಳು ಒಂದೆರಡು ದಿನ ತಡವಾಗಿ ಕಾಣಿಸುತ್ತವೆ.