ಎರಡು ಸೂರ್ಯ ಇರಲಿ, ನೀಲಿ ಸೂರ್ಯ ಬೇಡ

ಪ್ರಶ್ನೆ: ನಾನೊಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವ ಲೋಕವೆಲ್ಲ ನನ್ನ ಕಲ್ಪನೆ. ಅಲ್ಲಿ ಎರಡು ಸೂರ್ಯ, ದೊಡ್ಡದು ನೀಲಿ, ಚಿಕ್ಕದು ಕೆಂಪು. ನನ್ನ ಗ್ರಹ ಎರಡನ್ನೂ 8ರ ಆಕಾರದಲ್ಲಿ ಸುತ್ತುತ್ತದೆ. ಒಂದು ಮಗ್ಗುಲಲ್ಲಿ ಸದಾ ಹಗಲು, ಇನ್ನೊಂದರಲ್ಲಿ ಸದಾ ರಾತ್ರಿ. ವರ್ಷಕ್ಕೆ 400 ದಿನ, ಮೂರು ಚಂದ್ರ. ಇದೆಲ್ಲ ನಡೆಯುತ್ತಾ? ಹೆಸರುಗಳನ್ನು ನಮ್ಮ ಭಾಷೆಯಲ್ಲೇ ಇಟ್ಟರೆ ವಿಚಿತ್ರ ಅನಿಸುತ್ತಾ?

ಉತ್ತರ: ಗ್ರಹದ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದೀರಿ. ನಕ್ಷತ್ರವನ್ನು ಮಾತ್ರ ಬಣ್ಣ ನೋಡಿ ಆರಿಸಿದ ಹಾಗಿದೆ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ನಕ್ಷತ್ರ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ವರ್ಷ, ಹಗಲು, ಚಂದ್ರ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ನೀಲಿ ದೈತ್ಯ ಬೇಡವೇ ಬೇಡ. ಸೂರ್ಯನ 20 ಪಟ್ಟು ತೂಗುವ ನಕ್ಷತ್ರ ಹೆಚ್ಚೂಕಡಿಮೆ ಒಂದು ಕೋಟಿ ವರ್ಷದಲ್ಲಿ ಉರಿದು ಮುಗಿಯುತ್ತದೆ. ನಮ್ಮ ಸೂರ್ಯನ ಆಯಸ್ಸು ಸುಮಾರು 1000 ಕೋಟಿ ವರ್ಷ. ಭೂಮಿಗೇ ಈಗ 450 ಕೋಟಿ ದಾಟಿದೆ. ನಿಮ್ಮ ನಾಯಕಿ ಹುಟ್ಟುವುದಿರಲಿ, ಅವಳ ಗ್ರಹದ ನೆಲ ಸರಿಯಾಗಿ ಆರುವ ಹೊತ್ತಿಗೇ ಆ ಸೂರ್ಯ ಸಿಡಿದಿರುತ್ತದೆ.

ನನ್ನನ್ನು ಕೇಳಿದರೆ ಕಿತ್ತಳೆ ಬಣ್ಣದ ನಕ್ಷತ್ರ ಆರಿಸಿಕೊಳ್ಳಿ. ಸೂರ್ಯನಿಗಿಂತ ಸ್ವಲ್ಪ ಚಿಕ್ಕದು, ಸೂರ್ಯನಿಗಿಂತ ಜಾಸ್ತಿ ಕಾಲ ಬಾಳುತ್ತದೆ. ತೂಕ ಸೂರ್ಯನ 0.7ರಷ್ಟು ಅಂದುಕೊಳ್ಳಿ. ಬೆಳಕು ಮಾತ್ರ 0.16ರ ಆಸುಪಾಸು. ಭೂಮಿಗೆ ಬೀಳುವಷ್ಟೇ ಬಿಸಿಲು ಬೇಕಾದರೆ ಗ್ರಹ ಎಷ್ಟು ದೂರ ಇರಬೇಕು? 0.16ರ ವರ್ಗಮೂಲ, ಅಂದರೆ 0.4. ನಮಗೂ ಸೂರ್ಯನಿಗೂ ಇರುವ ದೂರದ ಅರ್ಧಕ್ಕಿಂತ ಕಡಿಮೆ. ಇಷ್ಟಾದ ಮೇಲೆ ಕೆಪ್ಲರನ ಮೂರನೇ ನಿಯಮ, ಅಂದರೆ ದೂರದಿಂದ ಸುತ್ತುವ ಕಾಲ ಲೆಕ್ಕ ಹಾಕುವ ಸೂತ್ರ, ನಿಮ್ಮ ಕ್ಯಾಲೆಂಡರ್ ಬರೆದುಕೊಡುತ್ತದೆ. 0.4 × 0.4 × 0.4 ಗುಣಿಸಿ, 0.7ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಸುಮಾರು 0.3 ವರ್ಷ ಬರುತ್ತದೆ, ನಮ್ಮ ಲೆಕ್ಕದಲ್ಲಿ 110 ದಿನ. ನಿಮ್ಮ 400 ದಿನ ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ 20 ತುಂಬಿದ ಹುಡುಗಿಗೆ ಅಲ್ಲಿ 66 ವರ್ಷ! ಇದನ್ನು ಕಥೆಯಲ್ಲಿ ಎಷ್ಟು ಚೆನ್ನಾಗಿ ಬಳಸಬಹುದು ಯೋಚಿಸಿ.

ಇನ್ನು 8ರ ದಾರಿ. ಕಾಗದದ ಮೇಲೆ ಚಂದ, ಆಕಾಶದಲ್ಲಿ ಬಾಳಿಕೆ ಬರುವುದಿಲ್ಲ. ಎರಡು ನಕ್ಷತ್ರಗಳ ಹಗ್ಗಜಗ್ಗಾಟದಲ್ಲಿ ಗ್ರಹ ಯಾವುದಾದರೂ ಒಂದರೊಳಗೆ ಬೀಳುತ್ತದೆ, ಇಲ್ಲವೇ ಹೊರಗೆ ಚಿಮ್ಮಿ ಹೋಗುತ್ತದೆ. ಬಾಳುವ ದಾರಿ ಎರಡೇ. ಒಂದು, ನಕ್ಷತ್ರಗಳೆರಡೂ ಹತ್ತಿರ ಹತ್ತಿರ ಇದ್ದು, ಗ್ರಹ ದೂರದಿಂದ ಎರಡನ್ನೂ ಸೇರಿಸಿ ಸುತ್ತುವುದು. 2011ರಲ್ಲಿ ಪತ್ತೆಯಾದ ಕೆಪ್ಲರ್-16ಬಿ ಹೀಗೇ ಇದೆ. ಅಲ್ಲಿನ ಎರಡು ನಕ್ಷತ್ರ 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಶನಿಯಷ್ಟು ದೊಡ್ಡ ಗ್ರಹ 229 ದಿನಕ್ಕೊಮ್ಮೆ ಎರಡನ್ನೂ ಬಳಸಿ ಬರುತ್ತದೆ.

ಎರಡನೆಯದು ನನಗೆ ಹೆಚ್ಚು ಇಷ್ಟ. ಗ್ರಹ ಒಂದೇ ನಕ್ಷತ್ರಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ನಕ್ಷತ್ರ ಬಹಳ ದೂರ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಕರ್ನಾಟಕದಿಂದಲೇ ದಕ್ಷಿಣದ ಅಂಚಿನ ಕಡೆ ನೋಡಿ, ಆಲ್ಫಾ ಸೆಂಟಾರಿ ಕಾಣುತ್ತದೆ. ಬರಿಗಣ್ಣಿಗೆ ಒಂದೇ ಚುಕ್ಕಿ, ನಿಜಕ್ಕೂ ಎರಡು ಸೂರ್ಯ. ಅವು 80 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತವೆ. ನಡುವಿನ ದೂರ ಭೂಮಿ–ಸೂರ್ಯರ ದೂರದ 11 ಪಟ್ಟಿನಿಂದ 36 ಪಟ್ಟಿನವರೆಗೆ ಹಿಗ್ಗಿ ಕುಗ್ಗುತ್ತದೆ. ದೊಡ್ಡ ನಕ್ಷತ್ರದ ಸುತ್ತ ಒಂದು ಗ್ರಹ ಇಟ್ಟರೆ, ಅದರ ಆಕಾಶದಲ್ಲಿ ಎರಡನೇ ಸೂರ್ಯ ತಟ್ಟೆಯಂತೆ ಕಾಣುವುದಿಲ್ಲ. ಕಣ್ಣು ಕುಕ್ಕುವ ಚುಕ್ಕಿ, ಹುಣ್ಣಿಮೆಗಿಂತ ನೂರಾರು ಪಟ್ಟು ಜಾಸ್ತಿ ಬೆಳಕು. ವರ್ಷದಲ್ಲಿ ಕೆಲವು ತಿಂಗಳು ಅದು ರಾತ್ರಿಯಲ್ಲಿರುತ್ತದೆ, ಆಗ ಕತ್ತಲೇ ಆಗುವುದಿಲ್ಲ. ಉಳಿದ ತಿಂಗಳು ಹಗಲಿಗೆ ಸೇರಿಕೊಳ್ಳುತ್ತದೆ, ಆಗ ನಿಜವಾದ ರಾತ್ರಿ. ಮೇಲಾಗಿ 40 ವರ್ಷ ಬೆಳಕು ಏರುತ್ತಾ, 40 ವರ್ಷ ಇಳಿಯುತ್ತಾ ಹೋಗುತ್ತದೆ. 'ನಾನು ಚಿಕ್ಕವಳಿದ್ದಾಗ ಸಣ್ಣ ಸೂರ್ಯ ಇಷ್ಟು ಉರಿಯುತ್ತಿರಲಿಲ್ಲ ಕಣೇ' ಎಂದು ಅಜ್ಜಿ ಹೇಳಿದರೆ ಅದು ಸುಮ್ನೆ ಗೊಣಗಾಟ ಅಲ್ಲ, ಖಗೋಳಶಾಸ್ತ್ರ.

ನಿಮ್ಮ ಕೆಂಪು ನಕ್ಷತ್ರವೇ ಬೇಕು ಅಂದರೆ ಅದನ್ನೂ ಅಷ್ಟೇ ದೂರ ಇಡಿ. ಆಗ ಬೆಳಕು ಹುಣ್ಣಿಮೆಯ ಆಸುಪಾಸು ಸಿಗುತ್ತದೆ, ಅಷ್ಟೇ. ರಕ್ತದಂಥ ಕೆಂಪು ಬೆಳಕು ಅಂತ ಮಾತ್ರ ಬರೆಯಬೇಡಿ. ಇಂಥ ಚಿಕ್ಕ ನಕ್ಷತ್ರಕ್ಕಿರುವ ಕೆಂಪು ಕುಬ್ಜ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದರ ಬಿಸಿ ಸುಮಾರು 3000 ಕೆಲ್ವಿನ್, ಬಣ್ಣ ನಮ್ಮ ಹಳೇ ತಂತಿ ಬಲ್ಬಿನ ಹಳದಿ!

ಸದಾ ಹಗಲು, ಸದಾ ರಾತ್ರಿ ಆಗಬಹುದು. ಚಂದ್ರ ನಮಗೆ ಒಂದೇ ಮುಖ ತೋರಿಸುವುದಿಲ್ಲವೇ, ಹಾಗೆ. ಆದರೆ ಅದಕ್ಕೆ ಗ್ರಹ ಒಂದು ಕೆಂಪು ಕುಬ್ಜಕ್ಕೆ ತೀರಾ ಹತ್ತಿರ ಇರಬೇಕು. ಸುಮಾರು 40 ಬೆಳಕಿನ ವರ್ಷ ದೂರದ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜದ ಸುತ್ತ ಏಳು ಗ್ರಹಗಳಿವೆ. ಒಳಗಿನದರ ವರ್ಷ ಒಂದೂವರೆ ದಿನ, ಹೊರಗಿನದರದು 19 ದಿನಕ್ಕೂ ಕಡಿಮೆ. ಅಷ್ಟು ಹತ್ತಿರದ ಗ್ರಹದ ಬಳಿ ಚಂದ್ರ ಉಳಿಯುವುದು ಬಹಳ ಕಷ್ಟ, ನಕ್ಷತ್ರದ ಎಳೆತ ಬಿಡುವುದಿಲ್ಲ. ಹಾಗಾಗಿ ಮೂರು ಚಂದ್ರ ಬೇಕೋ ಮುಗಿಯದ ಹಗಲು ಬೇಕೋ ನೋಡಿಕೊಳ್ಳಿ. ಚಂದ್ರ ಬಿಟ್ಟರೆ ಅದಕ್ಕೊಂದು ಬದಲಿ ಇದೆ. ಟ್ರಾಪಿಸ್ಟ್‌ನಂಥ ಕಡೆ ಪಕ್ಕದ ಗ್ರಹವೇ ಕೆಲವೊಮ್ಮೆ ನಮ್ಮ ಚಂದ್ರನಿಗಿಂತ ದೊಡ್ಡದಾಗಿ ಕಾಣುತ್ತದೆ.

ಹೆಸರಿನ ವಿಷಯ. ಖಂಡಿತ ನಮ್ಮ ಭಾಷೆಯಲ್ಲೇ ಇಡಿ, ವಿಚಿತ್ರವೇನಿಲ್ಲ. 2019ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ, ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತ್ತು. ಭಾರತದ ಪಾಲಿಗೆ ಬಂದ ನಕ್ಷತ್ರದ ಹೆಸರು ಬಿಭಾ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಇಟ್ಟದ್ದು. ಅವರು ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲೂ ತೊಡಗಿದ್ದವರು. ಗ್ರಹದ ಹೆಸರು ಸಂತಮಸ, ಮೋಡ ಕವಿದಂಥದ್ದು ಎಂಬ ಅರ್ಥದಲ್ಲಿ. ಗುರುವಿಗಿಂತಲೂ ಭಾರವಾದ ಗ್ರಹ, ಆದರೆ ಅದರ ವರ್ಷ ಎರಡು ದಿನಕ್ಕಿಂತ ತುಸು ಜಾಸ್ತಿ ಅಷ್ಟೇ. ಅನಿಲದ ಗ್ರಹ, ನಿಂತುಕೊಳ್ಳಲು ನೆಲವಿಲ್ಲ ನಿಜ, ಇದ್ದಿದ್ದರೆ ಎರಡು ದಿನಕ್ಕೊಂದು ಯುಗಾದಿ ಮಾಡಿ ಬೇವು ತಿಂದೇ ಸಾಕಾಗುತ್ತಿತ್ತು.