ರಾಗಿಮುದ್ದೆಯಷ್ಟು ಸೂರ್ಯ, ತಜಿಕಿಸ್ತಾನದಲ್ಲಿ ಪಕ್ಕದ ಮನೆ

ಈ ಸಲ ಬಂದ ಪತ್ರಗಳಲ್ಲಿ ಆಕಾಶದ ಪ್ರಶ್ನೆಗಳೇ ಜಾಸ್ತಿ. ಅವರೆಕಾಯಿ ಕಾಲದ ಚಳಿ, ಮೋಡವಿಲ್ಲದ ರಾತ್ರಿ. ಗೌರಿಬಿದನೂರಿನ ನಮ್ಮ ಮನೆ ಮಾಳಿಗೆ ಹತ್ತಿದರೆ ನನಗೂ ಕೆಳಗೆ ಇಳಿಯಲು ಮನಸ್ಸಾಗುವುದಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಆಕಾಶಕ್ಕೇ. ಉಳಿದ ಪತ್ರಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ವಾಯೇಜರ್-1 ನೌಕೆ 1977ರಿಂದ ಹೋಗುತ್ತಲೇ ಇದೆಯಂತೆ. ಅದು ಪಕ್ಕದ ನಕ್ಷತ್ರ ಮುಟ್ಟುವುದು ಯಾವಾಗ? ಇನ್ನೂ ಜೋರಾಗಿ ಹೋಗುವ ರಾಕೆಟ್ ಯಾಕೆ ಮಾಡುತ್ತಿಲ್ಲ?
– ಪಿಯುಸಿ ವಿದ್ಯಾರ್ಥಿ, ಶಿಡ್ಲಘಟ್ಟ

ಮೊದಲು ದೂರ ಎಷ್ಟು ಅಂತ ಕಣ್ಣಿಗೆ ಕಟ್ಟಬೇಕು. ಕೋಟಿ ಕೋಟಿ ಅಂತ ಬರೆದರೆ ಮನಸ್ಸಿಗೆ ಇಳಿಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ವರ್ಷಕ್ಕೊಮ್ಮೆ ಮಕ್ಕಳ ಜೊತೆ ಒಂದು ಆಟ ಆಡುತ್ತಿದ್ದೆ. ಮನೆಯಿಂದ ಒಂದು ರಾಗಿಮುದ್ದೆ ಒಯ್ಯುತ್ತಿದ್ದೆ. ಹತ್ತು ಸೆಂಟಿಮೀಟರ್ ಅಗಲದ, ಸರಿಯಾಗಿ ಗುಂಡಗೆ ಕಟ್ಟಿದ ಮುದ್ದೆ. ಅದನ್ನು ಶಾಲೆ ಗೇಟಿನ ಕಂಬದ ಮೇಲೆ ಇಡುತ್ತಿದ್ದೆವು. ಅದೇ ಸೂರ್ಯ.

ಸೂರ್ಯ ಅಷ್ಟಾದರೆ ಭೂಮಿ ಎಷ್ಟು ಗೊತ್ತಾ? ಒಂದು ರಾಗಿ ಕಾಳು. ಅದಕ್ಕಿಂತ ಸ್ವಲ್ಪ ಸಣ್ಣದೇ. ಆ ಕಾಳನ್ನು ಮುದ್ದೆಯಿಂದ ಹತ್ತೂ ಮುಕ್ಕಾಲು ಮೀಟರ್ ದೂರದಲ್ಲಿ ಇಡಬೇಕು. ಚಂದ್ರ ಆ ಕಾಳಿನಿಂದ ಬರೀ ಒಂದೂವರೆ ಬೆರಳಗಲ ಆಚೆ ಬೀಳುವ ಒಂದು ಚೂರು ಹಿಟ್ಟು. ಮನುಷ್ಯ ತನ್ನ ಕಾಲ ಮೇಲೆ ನಿಂತಿರುವ ಅತಿ ದೂರದ ಜಾಗ ಅದು. ಗುರುಗ್ರಹ ಒಂದು ಅವರೆಕಾಳು, ಮುದ್ದೆಯಿಂದ 56 ಮೀಟರ್. ಕೊನೆಯ ಗ್ರಹ ನೆಪ್ಚೂನ್ 320 ಮೀಟರ್. ಅಷ್ಟರಲ್ಲಿ ಮಕ್ಕಳು ನಡೆದು ನಡೆದು ಪಕ್ಕದ ಬೀದಿಯ ಕಿರಾಣಿ ಅಂಗಡಿ ಮುಂದೆ ಇರುತ್ತಿದ್ದರು.

ಈಗ ನಿಮ್ಮ ವಾಯೇಜರ್. ಅಮೆರಿಕದ ನಾಸಾ ಕಳಿಸಿದ, ಜನರಿಲ್ಲದ ನೌಕೆ. ಅದು ಹೊರಟಿದ್ದು 1977ರ ಸೆಪ್ಟೆಂಬರ್ 5ರಂದು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ನಮ್ಮಿಂದ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ ಇದೆ. ನಮ್ಮ ಮುದ್ದೆ ಲೆಕ್ಕದಲ್ಲಿ ಅದು 1.8 ಕಿಲೋಮೀಟರ್. ಶಾಲೆಯಿಂದ ರೈಲ್ವೆ ಗೇಟಿಗೆ ಹತ್ತಿರ ಹತ್ತಿರ ಅಷ್ಟೇ ದೂರ. ದಿನಕ್ಕೆ ಒಂದು ಮುದ್ದೆಯಗಲ ಮುಂದೆ ಹೋಗುತ್ತದೆ, ಅಷ್ಟೇ.

ಹಾಗಾದರೆ ಪಕ್ಕದ ಮುದ್ದೆ ಎಲ್ಲಿದೆ? ಪ್ರಾಕ್ಸಿಮಾ ಸೆಂಟಾರಿ ಅನ್ನುವ ನಕ್ಷತ್ರ ನಮಗೆ ಎಲ್ಲಕ್ಕಿಂತ ಹತ್ತಿರ, 4.24 ಬೆಳಕಿನ ವರ್ಷ. (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಬೆಳಕಿನ ವರ್ಷ.) ಮುದ್ದೆ ಲೆಕ್ಕದಲ್ಲಿ ಸುಮಾರು 2,880 ಕಿಲೋಮೀಟರ್. ಗೌರಿಬಿದನೂರಿನಿಂದ ಉತ್ತರಕ್ಕೆ ಹೊರಟು, ಹೈದರಾಬಾದ್ ದಾಟಿ, ದೆಹಲಿ ದಾಟಿ, ಕಾಶ್ಮೀರವನ್ನೂ ದಾಟಿ ತಜಿಕಿಸ್ತಾನದ ದುಶಾಂಬೆ ಊರಿನ ಹತ್ತಿರ ಹೋಗಬೇಕು. ನಡುವೆ ಇನ್ನೊಂದು ಮುದ್ದೆ ಇಲ್ಲ. ಈ ಮಾತು ಹೇಳಿದಾಗ ಪ್ರತಿ ವರ್ಷವೂ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ನನಗೆ ಆ ಒಂದು ಕ್ಷಣಕ್ಕೋಸ್ಕರವೇ ಈ ಪಾಠ ಮಾಡಬೇಕು ಅನ್ನಿಸುತ್ತಿತ್ತು.

ವಾಯೇಜರ್ ವೇಗದಲ್ಲಿ ಅಷ್ಟು ದೂರ ಹೋಗಲು ಸುಮಾರು 75,000 ವರ್ಷ ಬೇಕು. ಅದು ಆ ದಿಕ್ಕಿಗೆ ಹೋಗುತ್ತಲೂ ಇಲ್ಲ. ಇನ್ನು 40,000 ವರ್ಷಕ್ಕೆ ಗ್ಲೀಸ್ 445 ಅನ್ನುವ ಬೇರೊಂದು ನಕ್ಷತ್ರದ ಬಳಿ ಹಾಯುತ್ತದೆ. ಬಳಿ ಅಂದರೆ ಒಂದೂವರೆ ಬೆಳಕಿನ ವರ್ಷಕ್ಕಿಂತ ಜಾಸ್ತಿ ಆಚೆ!

ಜೋರಾಗಿ ಹೋಗುವುದು ಇಲ್ಲ ಅಂತಲ್ಲ. ಸೂರ್ಯನನ್ನು ಹತ್ತಿರದಿಂದ ನೋಡಲು ನಾಸಾ ಕಳಿಸಿದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಗಂಟೆಗೆ 6.9 ಲಕ್ಷ ಕಿಲೋಮೀಟರ್ ವೇಗ ಮುಟ್ಟಿತು. ಆದರೆ ಅದು ಸೂರ್ಯನ ಕಡೆಗೆ ಬೀಳುತ್ತಾ ಗಳಿಸಿದ ವೇಗ. ಬಾವಿಗೆ ಬಿದ್ದ ಕಲ್ಲಿನ ವೇಗದ ಹಾಗೆ. ಆ ವೇಗ ಇಟ್ಟುಕೊಂಡು ಹೊರಗೆ ಹೋಗಲು ಆಗುವುದಿಲ್ಲ. ಹೊರಗೆ ಹೋಗುವ ರಾಕೆಟ್ಟು ತನ್ನ ಇಂಧನ ತಾನೇ ಹೊರಬೇಕು. ಎತ್ತಿನ ಗಾಡಿಯಲ್ಲಿ ದಾರಿಯುದ್ದಕ್ಕೂ ಬೇಕಾದ ಮೇವನ್ನೆಲ್ಲ ಹೇರಿಕೊಂಡು ಹೊರಟ ಹಾಗೆ. ದೂರ ಹೋಗಬೇಕಾದರೆ ಜಾಸ್ತಿ ಮೇವು ಬೇಕು. ಜಾಸ್ತಿ ಮೇವು ಹೇರಿದರೆ ಅದನ್ನು ಎಳೆಯಲು ಇನ್ನಷ್ಟು ಮೇವು ಬೇಕು.

ಇಂಧನದ ತೊಂದರೆ ನಾಳೆ ನಿಮ್ಮಂಥವರು ಬಗೆಹರಿಸಬಹುದು. ಇನ್ನೊಂದು ಮಿತಿ ಮಾತ್ರ ಯಾರ ಕೈಲೂ ಇಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅದಕ್ಕಿಂತ ಜೋರಾಗಿ ಯಾವ ನೌಕೆಯೂ ಹೋಗಲಾರದು. ಮುದ್ದೆ ಲೆಕ್ಕದಲ್ಲಿ ಆ ಬೆಳಕಿನ ವೇಗ ಎಷ್ಟಾಗುತ್ತದೆ? ಸೆಕೆಂಡಿಗೆ ಎರಡು ಸೆಂಟಿಮೀಟರ್. ಗೋಡೆ ಮೇಲೆ ಹರಿಯುವ ಇರುವೆಯಷ್ಟು. ವಿಶ್ವದಲ್ಲಿ ಎಲ್ಲಕ್ಕಿಂತ ಬೇಗ ಓಡುವುದೇ ಈ ಇರುವೆ. ಅದು ದುಶಾಂಬೆಗೆ ಹೊರಟಿದೆ.

ಪ್ರಶ್ನೆ: ನಾನು ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವನು. 1,500 ಅಡಿ ಕೊರೆದರೂ ಎಷ್ಟೋ ಕಡೆ ಧೂಳು ಮಾತ್ರ. ಮನುಷ್ಯ ಇದುವರೆಗೆ ಎಷ್ಟು ಆಳ ಕೊರೆದಿದ್ದಾನೆ?
– ಚಿಂತಾಮಣಿ

ನಿಮ್ಮ ಪ್ರಶ್ನೆ ಆಕಾಶದ್ದಲ್ಲ, ಆದರೂ ಇಲ್ಲೇ ಸೇರಬೇಕು. ರಷ್ಯಾದ ಕೋಲಾ ಅನ್ನುವ ಕಡೆ 1989ರಲ್ಲಿ 12,262 ಮೀಟರ್ ತನಕ ಕೊರೆದರು. ನಿಮ್ಮ ಲೆಕ್ಕದಲ್ಲಿ 40,000 ಅಡಿ. (ನಮ್ಮ ಕೋಲಾರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ.) ಅಲ್ಲಿ ಬಂಡೆಯ ಬಿಸಿ ಸುಮಾರು 180 ಡಿಗ್ರಿ ಮುಟ್ಟಿತು, ಮುಂದೆ ಕೊರೆಯಲು ಆಗಲಿಲ್ಲ. ಭೂಮಿಯ ನಡುಬಿಂದು ಇರುವುದು 6,371 ಕಿಲೋಮೀಟರ್ ಕೆಳಗೆ. ಅಂದರೆ 500ರಲ್ಲಿ ಒಂದು ಪಾಲನ್ನೂ ನಾವು ಕೊರೆದಿಲ್ಲ. ಆ ರಾಗಿ ಕಾಳಿನ ಹೊಟ್ಟು ಕೂಡ ಬಿಡಿಸಿಲ್ಲ ಅನ್ನಿ.

ಪ್ರಶ್ನೆ: ಯಾರೂ ಹೋಗದ ಜಾಗದ ಬಗ್ಗೆ ಇಷ್ಟು ದೂರ, ಇಷ್ಟು ಬಿಸಿ ಅಂತ ಹೇಗೆ ಹೇಳುತ್ತಾರೆ? ಹೋಗಿ ನೋಡದೆ ನಂಬುವುದು ಹೇಗೆ?
– ಗೃಹಿಣಿ, ಮಧುಗಿರಿ

ಕೇಳಲೇಬೇಕಾದ ಪ್ರಶ್ನೆ. ಉತ್ತರದಲ್ಲಿ ಅರ್ಧವನ್ನು ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಹೆಬ್ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ ಅಲ್ವಾ? ಬೆರಳು ಹತ್ತಿರವಿದ್ದರೆ ಜಾಸ್ತಿ ಜಿಗಿತ, ದೂರವಿದ್ದರೆ ಕಡಿಮೆ. ಆ ಜಿಗಿತ ಅಳೆದರೆ ದೂರ ಸಿಗುತ್ತದೆ. ನಕ್ಷತ್ರಕ್ಕೂ ಇದೇ ಲೆಕ್ಕ. ಜನವರಿಯಲ್ಲಿ ಒಮ್ಮೆ ನೋಡುತ್ತಾರೆ, ಜುಲೈನಲ್ಲಿ ಒಮ್ಮೆ. ಅಷ್ಟರಲ್ಲಿ ಭೂಮಿ ಸೂರ್ಯನ ಆ ಬದಿಗೆ ಹೋಗಿರುತ್ತದೆ. ಎರಡು ಕಣ್ಣಿನ ನಡುವೆ 30 ಕೋಟಿ ಕಿಲೋಮೀಟರ್ ಅಂತರ ಸಿಕ್ಕ ಹಾಗೆ. ಹೀಗೆ ಒಂದು ನಕ್ಷತ್ರದ ದೂರ ಅಳೆದು ಮೊದಲು ಪ್ರಕಟಿಸಿದವರು ಜರ್ಮನಿಯ ಬೆಸೆಲ್, 1838ರಲ್ಲಿ. ಮುದ್ದೆ ಲೆಕ್ಕದಲ್ಲಿ ಆ ಎರಡು ಕಣ್ಣುಗಳ ನಡುವೆ ಬರೀ 21 ಮೀಟರ್ ಇರುತ್ತದೆ. ಅಷ್ಟನ್ನೇ ಇಟ್ಟುಕೊಂಡು ತಜಿಕಿಸ್ತಾನಕ್ಕಿಂತಲೂ ದೂರದ್ದನ್ನು ಅಳೆದರು ಆ ಪುಣ್ಯಾತ್ಮರು.

ಇನ್ನು ಅಲ್ಲಿ ಏನಿದೆ ಅನ್ನುವುದು. ಬೆಳಕನ್ನು ಬಣ್ಣಬಣ್ಣವಾಗಿ ಒಡೆದರೆ ಅದರಲ್ಲಿ ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ಅದರದೇ ಗೆರೆ, ಹೆಬ್ಬೆಟ್ಟಿನ ಗುರುತಿನ ಹಾಗೆ. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಹಳದಿ ಗೆರೆ ಕಂಡಿತು. ಅದಕ್ಕೆ ಹೀಲಿಯಂ ಅಂತ ಹೆಸರಿಟ್ಟರು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ. 15 ಕೋಟಿ ಕಿಲೋಮೀಟರ್ ಆಚೆ ಇರುವುದು ಮೊದಲು ತಿಳಿಯಿತು, ಕಾಲಡಿ ಇರುವುದು 27 ವರ್ಷ ತಡವಾಗಿ.

ನನಗೆ ಈ ನಂಬಿಕೆ ಬಂದದ್ದು ಪುಸ್ತಕದಿಂದಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ಗೌರಿಬಿದನೂರಿನ ರೇಡಿಯೋ ದೂರದರ್ಶಕ ತೋರಿಸಲು ಕರೆದುಕೊಂಡು ಹೋಗಿದ್ದರು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರಲ್ಲಿ ಶುರು ಮಾಡಿದ್ದು. ದೊಡ್ಡ ಗಾಜು, ಉದ್ದ ಕೊಳವೆ ಇರುತ್ತದೆ ಅಂದುಕೊಂಡು ಹೋದೆ. ನೋಡಿದರೆ ಬಯಲು ತುಂಬ ಕಂಬ, ಕಂಬಕ್ಕೆ ತಂತಿ, ಥೇಟ್ ದ್ರಾಕ್ಷಿ ಚಪ್ಪರ. ಅಂಥ 1,000 ಆಂಟೆನಾಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಒಂದು ಕೈ ಸುಮಾರು 1.4 ಕಿಲೋಮೀಟರ್ ಉದ್ದ. ಎಫ್‌ಎಂ ರೇಡಿಯೋ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದಲ್ಲ, ಇದು ಕೇಳುತ್ತಿದ್ದದ್ದು 34.5ರಲ್ಲಿ. ಸುತ್ತ ಗುಡ್ಡ, ಪೇಟೆಯ ಗದ್ದಲ ತಲುಪದ ಬಯಲು. ಆಕಾಶದಿಂದ ಬರುವ ಸಣ್ಣ ಸದ್ದು ಹಿಡಿಯಲು ಇಂಥ ಜಾಗವೇ ಬೇಕು. ಹಗಲಾದರೂ ಸರಿ, ಮೋಡವಿದ್ದರೂ ಸರಿ, ಅದು ಕೇಳುತ್ತಿತ್ತು. ಅಲ್ಲಿಂದ ಆಕಾಶದ ಬಹುಭಾಗದ ರೇಡಿಯೋ ನಕ್ಷೆ ಬರೆದು 1990ರಲ್ಲಿ ಪ್ರಕಟಿಸಿದರು. ನಮ್ಮ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಪಾಲು ನೀರಿಲ್ಲ. ಆದರೆ ಆ ಬರಡು ಬಯಲಿಗೆ ಸಾವಿರಾರು ವರ್ಷ ನಡೆದ ಅಲೆಗಳು ಬಂದು ಬೀಳುತ್ತಿವೆ, ತಂತಿ ಕಟ್ಟಿ ಕಾದವರಿಗೆ ಸಿಗುತ್ತಿವೆ ಅಂತ ತಿಳಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಷ್ಟು ಸಂತೋಷ.

ನಾವು ಹೋಗಿಲ್ಲ, ನಿಜ. ಅಲ್ಲಿಂದಲೇ ಬಂದದ್ದನ್ನು ಬರಮಾಡಿಕೊಂಡು ವಿಚಾರಿಸುತ್ತಿದ್ದೇವೆ.

ಪ್ರಶ್ನೆ: ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ನಕ್ಷತ್ರದ ವಿಜ್ಞಾನಿಗಳು ಗಣಿಯೊಳಗೆ ಇಳಿಯುತ್ತಿದ್ದರು ಅನ್ನುತ್ತಿದ್ದರು. ನಿಜವಾ?
– ಬಂಗಾರಪೇಟೆ

ನಿಜ. ತಾತನ ಮಾತು ಬರೆದಿಟ್ಟುಕೊಳ್ಳಿ. ಆಕಾಶದಿಂದ ವಿಶ್ವಕಿರಣಗಳು, ಅಂದರೆ ಬಹಳ ಜೋರಾಗಿ ಓಡುವ ಸಣ್ಣ ಕಣಗಳು, ಬಂದು ಗಾಳಿಗೆ ಬಡಿಯುತ್ತಲೇ ಇರುತ್ತವೆ. ಅದರಿಂದ ಹುಟ್ಟುವ ಮ್ಯುಆನ್ ಕಣಗಳು ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ತೂರಿ ಹೋಗುತ್ತಿವೆ. ಆ ಗದ್ದಲದಲ್ಲಿ ಅದೇ ಬಡಿತದಲ್ಲಿ ಹುಟ್ಟುವ, ಬಂಡೆಯನ್ನೂ ಸದ್ದಿಲ್ಲದೆ ತೂರಿ ಹೋಗುವ ನ್ಯೂಟ್ರಿನೊ ಅನ್ನುವ ಬಹಳ ಮೌನಿ ಕಣ ಹಿಡಿಯುವುದು ಆಗದ ಮಾತು. ಮೇಲೆ ಬಂಡೆ ಇದ್ದರೆ ಗದ್ದಲ ಸೋಸಿಹೋಗುತ್ತದೆ. ಅದಕ್ಕೇ 2.3 ಕಿಲೋಮೀಟರ್ ಆಳಕ್ಕೆ ಇಳಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜೊತೆಗೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್‌ನವರು. ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಕೂಡ ಆ ತಂಡದವರು. ಮೇಲಿಂದ ಬರುವುದನ್ನು ಬಿಟ್ಟು, ಅಡ್ಡಡ್ಡ ಬಂದ ಕಣಗಳಿಗೆ ಕಾದರು. ಅಷ್ಟು ದಪ್ಪ ಬಂಡೆಯನ್ನು ಅಡ್ಡಲಾಗಿ ದಾಟಿ ಬರಲು ನ್ಯೂಟ್ರಿನೊಗೆ ಮಾತ್ರ ಸಾಧ್ಯ. 1965ರಲ್ಲಿ ಸಿಕ್ಕಿತು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಜಗತ್ತಿನಲ್ಲಿ ಮೊದಲು ಸಿಕ್ಕ ಎರಡು ಜಾಗಗಳಲ್ಲಿ ನಿಮ್ಮ ಕೆಜಿಎಫ್ ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದ್ದು, ಅದೂ ಚಿನ್ನದ ಗಣಿಯೇ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಳದಲ್ಲಿ ನೀರು ತುಂಬಿತು. ಚಿನ್ನದ ಕಥೆ ಎಲ್ಲರೂ ಹೇಳುತ್ತಾರೆ. ಈ ಕಥೆಯನ್ನೂ ನಿಮ್ಮ ಕಡೆಯ ಶಾಲೆಗಳಲ್ಲಿ ಹೇಳಬೇಕು ಅಂತ ನನ್ನ ಬಹಳ ದಿನದ ಆಸೆ.

ಪ್ರಶ್ನೆ: ನಾನು ನರ್ಸ್. ನೈಟ್ ಡ್ಯೂಟಿಯಲ್ಲಿ ಕಿಟಕಿಯಿಂದ ಆಕಾಶ ನೋಡುತ್ತೇನೆ. ವಿಶ್ವಕ್ಕೆ ಕೊನೆಯೇ ಇಲ್ಲ ಅಂತ ಓದಿದ ಮೇಲೆ ಒಂಥರಾ ಭಯ. ನಾವು ಎಂದಾದರೂ ಪೂರ್ತಿ ತಿಳಿಯುತ್ತೇವಾ?
– ಕೋಲಾರ

ಪೂರ್ತಿ ಇಲ್ಲ. ನಿಮಗೆ ಸುಮ್ನೆ ಸಮಾಧಾನ ಹೇಳಲಾರೆ. ನಮ್ಮ ಆಕಾಶಗಂಗೆಯೊಂದೇ ಸುಮಾರು ಒಂದು ಲಕ್ಷ ಬೆಳಕಿನ ವರ್ಷ ಅಗಲ. ಮುದ್ದೆ ಲೆಕ್ಕದಲ್ಲೂ ಅದು ನಿಜವಾದ ಚಂದ್ರ ಇರುವ ದೂರದ ಸುಮಾರು 175 ಪಟ್ಟು. ಅಲ್ಲಿಗೆ ನನ್ನ ಮುದ್ದೆ ಕೂಡ ಸೋತುಹೋಗುತ್ತದೆ. ಅಂಥ ನಕ್ಷತ್ರಗಳ ಗುಂಪುಗಳು, ಅಂದರೆ ಗ್ಯಾಲಕ್ಸಿಗಳು, ಕೋಟಿ ಕೋಟಿ. ಜಾಗವೇ ಹಿಗ್ಗುತ್ತಿರುವುದರಿಂದ ಅವು ನಮ್ಮಿಂದ ದೂರ ಸರಿಯುತ್ತಿವೆ. ಸುಮಾರು 1,600 ಕೋಟಿ ಬೆಳಕಿನ ವರ್ಷದ ಆಚೆ ಇರುವವಕ್ಕೆ ಇಂದು ಬೆಳಕನ್ನೇ ಕಳಿಸಿದರೂ ಎಂದೂ ಮುಟ್ಟುವುದಿಲ್ಲ. ಆದರೆ ಅವುಗಳ ಹಳೆಯ ಬೆಳಕು ನಮಗೆ ಕಾಣುತ್ತದೆ. ಯಾವತ್ತೂ ಹೋಗಲಾಗದ ಊರಿನಿಂದ ಬಂದ ಹಳೆಯ ಕಾಗದ ಅದು.

ಭಯದ ಬಗ್ಗೆ ಒಂದು ಘಟನೆ ಹೇಳುತ್ತೇನೆ. 2023ರ ನವೆಂಬರ್‌ನಲ್ಲಿ ವಾಯೇಜರ್-1 ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಅದರ ಕಂಪ್ಯೂಟರಿನ ಒಂದು ಚಿಪ್ ಕೆಟ್ಟಿತ್ತು. ಮುಟ್ಟಿ ನೋಡಲು ಆಗದ ರೋಗಿ. ಒಂದು ಆಜ್ಞೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಆ ಚಿಪ್‌ನಲ್ಲಿದ್ದ ಸೂಚನೆಗಳನ್ನು ನಾಸಾದ ಎಂಜಿನಿಯರುಗಳು ಚೂರು ಚೂರು ಮಾಡಿ ಬೇರೆ ಕಡೆ ಜೋಡಿಸಿದರು. ಕಳಿಸಿದರು, ಕಾದರು. 2024ರ ಏಪ್ರಿಲ್ 20ರಂದು ಅದು ಸರಿಯಾಗಿ ಮಾತಾಡಿತು. ಐದು ತಿಂಗಳು ಆ ಜನ ಅದರ ತಲೆದೆಸೆ ಬಿಟ್ಟು ಏಳಲಿಲ್ಲ. ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಪ್ರಶ್ನೆ: ನಮ್ಮೂರಲ್ಲಿ ರಾತ್ರಿ ಕತ್ತಲೆ ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ಹತ್ತಿರದ ನಕ್ಷತ್ರವನ್ನು ಮೊಮ್ಮಗನಿಗೆ ತೋರಿಸಬೇಕು. ಜನವರಿಗೆ ಅವನಿಗೆ ನಾಲ್ಕು ತುಂಬಿತು. ಯಾವಾಗ, ಎಲ್ಲಿ ನೋಡಲಿ?
– ರೈತರು, ಪಾವಗಡ ತಾಲ್ಲೂಕು

ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣುವುದಿಲ್ಲ. ಅದರ ಜೊತೆಗಾರ ಆಲ್ಫಾ ಸೆಂಟಾರಿ ಚೆನ್ನಾಗಿ ಕಾಣುತ್ತದೆ. ಮೇ ಕೊನೆಯ ವಾರ, ರಾತ್ರಿ ಹತ್ತೂವರೆಗೆ ಹೊಲಕ್ಕೆ ಹೋಗಿ. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ, ಮರ ಗುಡ್ಡ ಅಡ್ಡ ಇರಬಾರದು. ನೆಲದ ಅಂಚಿನಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ, ಕೈ ಚಾಚಿ ಅಳೆಯಿರಿ, ಎರಡು ದೊಡ್ಡ ನಕ್ಷತ್ರ ಅಕ್ಕಪಕ್ಕ ಕಾಣುತ್ತವೆ. ಅವುಗಳ ಬಲಕ್ಕೆ ಗಾಳಿಪಟದ ಆಕಾರದಲ್ಲಿ ತ್ರಿಶಂಕು ಇರುತ್ತದೆ. ಎರಡರಲ್ಲಿ ಎಡಗಡೆಯದೇ ಆಲ್ಫಾ ಸೆಂಟಾರಿ. ಅದರ ಬೆಳಕು ನಮಗೆ ಬರಲು ನಾಲ್ಕು ವರ್ಷ, ನಾಲ್ಕು ತಿಂಗಳು ಹಿಡಿಯುತ್ತದೆ. ಆ ರಾತ್ರಿ ಕಾಣುವ ಬೆಳಕು ಅಲ್ಲಿಂದ ಹೊರಟಿದ್ದು ನಿಮ್ಮ ಮೊಮ್ಮಗ ಹುಟ್ಟಿದ ತಿಂಗಳಲ್ಲಿ. ಬೆಳದಿಂಗಳಿಲ್ಲದ ದಿನ ನೋಡಿಕೊಳ್ಳಿ. ಮಗು ನಿದ್ದೆಗಣ್ಣಲ್ಲಿರುತ್ತದೆ, ಹೆಗಲ ಮೇಲೆ ಕೂರಿಸಿಕೊಂಡು ಹೋಗಿ.